ಓಡಿ ಬಂದ ಕಾಲು

ನನ್ನ ಮಗಳಿಗೆ ಮೀನಖಂಡ ನೋಯುತ್ತಿತ್ತು. ಓಡುವಾಗ ಮಾತ್ರ. ನಡೆದರೆ ಇಲ್ಲ, ಮೆಟ್ಟಿಲು ಹತ್ತಿದರೆ ಇಲ್ಲ, ಬ್ಯಾಗು ಹೊತ್ತು ಬಸ್ಸಿನಲ್ಲಿ ನಿಂತರೂ ಇಲ್ಲ. ಯಲಹಂಕದ ಮೈದಾನದಲ್ಲಿ ನಾಲ್ಕೈದು ಸುತ್ತು ಓಡಿದಳೋ, ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿ ಯಾರೋ ಹಿಂಡಿದಂತಾಗಿ, ಪಾದ ಜೋಮು ಹಿಡಿದು ನಿಂತುಬಿಡುತ್ತಿದ್ದಳು. ಸ್ವಲ್ಪ ಹೊತ್ತು ಕೂತರೆ ಎಲ್ಲ ಮಾಯ.

ಹೀಗೆ ಹೇಳಿದ ಹೊತ್ತಿಗೆ ಬಂದು ಹೇಳಿದ ಹೊತ್ತಿಗೆ ಹೋಗುವ ನೋವನ್ನು ನಾನು ಕಂಡಿರಲಿಲ್ಲ. ಮಗಳ ಬಗ್ಗೆ ಸಂಕಟ ಇದ್ದೇ ಇತ್ತು, ಆದರೆ ಅದರ ಜೊತೆಗೇ ಇದೆಂಥ ನೋವು ಎನ್ನುವ ಕುತೂಹಲವೂ ಕಾಡುತ್ತಿತ್ತು. ಎಲ್ಲದಕ್ಕೂ ಯಾಕೆ ಎಂದು ಕೇಳುವುದು ನನ್ನ ಅಭ್ಯಾಸ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಮ್ಮತ್ತೆ ನೆಂಟರ ಮುಂದೆ ನನ್ನನ್ನು ತೋರಿಸಿಯೇ ಹೇಳುತ್ತಾರೆ. ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಔಷಧಿ ಅಂಗಡಿಯವರು ಕ್ಯಾಲ್ಸಿಯಂ ಕಮ್ಮಿ ಎಂದರು. ಪಕ್ಕದ ಮನೆಯವರು ಬಾಳೆಹಣ್ಣು ಕೊಡಿ ಎಂದರು. ಅತ್ತೆಯಂತೂ ಬೆಳೆಯುವ ಮಕ್ಕಳ ಕಾಲು ಸೆಳೆಯುವುದು ಲೋಕರೂಢಿ ಎಂದು ಎಣ್ಣೆ ಬಿಸಿ ಮಾಡಿದರು. ಮಗಳು ಮಾತ್ರೆ ನುಂಗಿದಳು, ಬಾಳೆಹಣ್ಣು ತಿಂದಳು, ಎಣ್ಣೆ ಹಚ್ಚಿಸಿಕೊಂಡಳು. ಮೈದಾನಕ್ಕೆ ಹೋದರೆ ಅದೇ ಕತೆ.

ಅವಳ ತರಬೇತುದಾರರಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. "ನೋಡಿ ಮೇಡಂ, ಓಟದಲ್ಲಿ ಹಿಂದೆ ಬಿದ್ದಾಗ್ಲೇ ಇವಳಿಗೆ ಕಾಲ್ ನೋಯುತ್ತೆ. ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಜಿಲ್ಲಾ ಸೆಲೆಕ್ಷನ್ ಹತ್ರ ಬಂತು, ನಾಟಕ ಆಡೋರನ್ನ ನಾನು ಕಳ್ಸಲ್ಲ."

ಮಗಳು ಪಕ್ಕದಲ್ಲೇ ಶೂ ಬಿಚ್ಚುತ್ತ ಕೂತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಆದರೂ ಮನೆಗೆ ಬರುವ ದಾರಿಯಲ್ಲಿ ಅವರ ಮಾತನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಹಿಂದೆ ಬಿದ್ದದ್ದಕ್ಕೆ ನೋವೋ, ನೋವು ಬಂದದ್ದಕ್ಕೆ ಹಿಂದೆ ಬಿದ್ದಳೋ? ಅದನ್ನು ಹೊರಗಿನಿಂದ ನೋಡಿ ಹೇಳುವುದು ಹೇಗೆ?

ಇಬ್ಬರು ಡಾಕ್ಟರ ಹತ್ತಿರ ಹೋದೆವು. ಎಕ್ಸ್‌ರೇ ಆಯಿತು, ಸ್ಕ್ಯಾನ್ ಆಯಿತು. ಮೂಳೆಯಲ್ಲಿ ಸಣ್ಣ ಬಿರುಕೂ ಇಲ್ಲ, ನಾರ್ಮಲ್ ಎಂದರು. ಪ್ರತಿ ಸಲವೂ ಒಳ್ಳೆಯ ಸುದ್ದಿಯೇ. ಪ್ರತಿ ಸಲವೂ ಮಗಳ ಮುಖ ಮಾತ್ರ ಸಪ್ಪಗಾಗುತ್ತಿತ್ತು.

ಕೊನೆಗೆ ಆಟಗಾರರನ್ನೇ ನೋಡುವ ಒಬ್ಬ ಡಾಕ್ಟರಮ್ಮ ಸಹಕಾರನಗರದಲ್ಲಿ ಸಿಕ್ಕರು. ಹಟ ಹಿಡಿದು ಅತ್ತೆಯೂ ಜೊತೆಗೆ ಬಂದರು. ಡಾಕ್ಟರಮ್ಮ ಮೂಳೆಯ ಉದ್ದಕ್ಕೂ ಬೆರಳಿನಿಂದ ಒತ್ತಿದರು, ಪಾದದ ನಾಡಿ ನೋಡಿದರು, ಒಂಟಿ ಕಾಲಲ್ಲಿ ಕುಪ್ಪಳಿಸಲು ಹೇಳಿದರು. ಎಲ್ಲೂ ನೋವಿಲ್ಲ.

"ಇವತ್ತು ಬೆಳಿಗ್ಗೆ ಓಡಿದ್ಯಾ ಪುಟ್ಟಾ?"

ಉತ್ತರ ಅತ್ತೆಯಿಂದ ಬಂತು. "ಡಾಕ್ಟ್ರ ಹತ್ರ ಬರೋವಾಗ ಯಾರಾದ್ರೂ ಓಡಿಸ್ತಾರಾ? ಮೊನ್ನೆಯಿಂದ್ಲೇ ರಜಾ ಹಾಕ್ಸಿದೀನಿ. ಬೆಳಿಗ್ಗೆ ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಆಟೋದಲ್ಲಿ ಕೂರಿಸ್ಕೊಂಡು ಬಂದಿದೀನಿ."

ಡಾಕ್ಟರಮ್ಮ ಜೋರಾಗಿ ನಕ್ಕರು. "ಅಜ್ಜೀ, ಹುಷಾರಾಗಿರೋ ಕಾಲು ತಂದು ತೋರಿಸ್ತಿದೀರಲ್ಲ! ನಂಗೆ ನೋಯೋ ಕಾಲು ಬೇಕು."

ನನಗೂ ಆಗಲೇ ಹೊಳೆದದ್ದು. ಡಾಕ್ಟರ ಹತ್ತಿರ ಹೋಗುವುದೆಂದರೆ ನಮ್ಮ ಮನೆಯಲ್ಲಿ ಹೆಣ್ಣು ನೋಡಲು ಬರುವವರ ಮುಂದೆ ಕೂರಿಸುವಷ್ಟು ಸಿದ್ಧತೆ. ಸ್ನಾನ, ಒಗೆದ ಬಟ್ಟೆ, ಎರಡು ದಿನದ ವಿಶ್ರಾಂತಿ. ಮೊದಲಿನ ಇಬ್ಬರು ಡಾಕ್ಟರೂ, ಸ್ಕ್ಯಾನ್ ಯಂತ್ರವೂ ನೋಡಿದ್ದು ಈ ಅಲಂಕಾರದ ಕಾಲನ್ನೇ.

"ಎದುರುಗಡೆ ಪಾರ್ಕಿದೆ. ಮೈದಾನದಲ್ಲಿ ಹೇಗ್ ಓಡ್ತೀಯೋ ಹಾಗೇ ಓಡು. ನೋವು ಬಂದ್ರೆ ನಿಲ್ಸು," ಎಂದರು ಡಾಕ್ಟರಮ್ಮ.

ಮಗಳು ಲೇಸು ಕಟ್ಟಿಕೊಳ್ಳುತ್ತ ನನ್ನ ಕಿವಿಯಲ್ಲಿ ಕೇಳಿದಳು. "ಅಮ್ಮಾ, ಇವತ್ತು ಬರದೇ ಇದ್ರೆ?"

ಓಡಿದಳು. ವಾಕಿಂಗ್ ಬಂದಿದ್ದ ಹಿರಿಯರು ಗೊಣಗುತ್ತ ದಾರಿ ಬಿಟ್ಟರು. ಅತ್ತೆ ಬೆಂಚಿನ ಮೇಲೆ ಕೂತು, ಒಳ್ಳೆ ಎಣ್ಣೆಯೆಲ್ಲ ದಂಡವಾಯಿತು ಎಂದು ನನ್ನನ್ನೇ ಬೈದರು. ಮಗಳು ನೋಯಬಾರದು ಎನ್ನುವ ತಾಯಿ ನಾನು, ಗೇಟಿನ ಬಳಿ ನಿಂತು ಅವಳ ನೋವಿಗೆ ಕಾಯುತ್ತಿದ್ದೆ. ಸುತ್ತುಗಳು ಕಳೆದಂತೆ ಹೆಜ್ಜೆ ಬದಲಾಯಿತು, ಬಲಪಾದ ನೆಲಕ್ಕೆ ಪಟಪಟ ಬಡಿಯತೊಡಗಿತು. ಬೇಲಿ ಹಿಡಿದು ನಿಂತಳು.

ಡಾಕ್ಟರಮ್ಮ ಅಲ್ಲೇ ಮಣ್ಣಲ್ಲಿ ಮಂಡಿಯೂರಿ ಮೀನಖಂಡ ಹಿಡಿದು ನೋಡಿದರು. ನನ್ನ ಕೈಯನ್ನೂ ಎಳೆದು ಅಲ್ಲಿಟ್ಟರು. ಗಾಳಿ ತುಂಬಿದ ಸೈಕಲ್ ಟೈರಿನಷ್ಟು ಬಿಗಿ! ಹತ್ತಿಯಿಂದ ಅಂಗಾಲು ಸವರಿದರು. ಮುಟ್ಟಿದ್ದು ಗೊತ್ತಾಗ್ತಿಲ್ಲ ಎಂದಳು. ನಾನು ಕೈ ತೆಗೆಯಲಿಲ್ಲ. ಅವಳು ಕೂತಂತೆ ಆ ಬಿಗಿ ನನ್ನ ಬೆರಳುಗಳ ಕೆಳಗೇ ನಿಧಾನವಾಗಿ ಇಳಿಯಿತು. ಇನ್ನೊಬ್ಬರ ನೋವು ಹೀಗೆ ಕೈಗೆ ಸಿಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಸ್ನಾಯುವಿನ ಸುತ್ತ ಒಂದು ಪೊರೆ ಇರುತ್ತದಂತೆ. ಓಡುವಾಗ ರಕ್ತ ನುಗ್ಗಿ ಸ್ನಾಯು ಉಬ್ಬುತ್ತದೆ, ಕೆಲವರಲ್ಲಿ ಪೊರೆ ಅದಕ್ಕೆ ತಕ್ಕಷ್ಟು ಹಿಗ್ಗುವುದಿಲ್ಲ, ಒಳಗೆ ಒತ್ತಡ ಏರಿ ನರವನ್ನೂ ಅದುಮುತ್ತದೆ. ಬಾಣಂತನ ಮುಗಿದ ಮೇಲೆ ಮದುವೆಯ ಬ್ಲೌಸ್ ಹಾಕಿಕೊಂಡು ಉಸಿರುಗಟ್ಟಿದ್ದು ನನಗೆ ನೆನಪಾಯಿತು. ಆದರೆ ಇದಿನ್ನೂ ಅನುಮಾನ, ಓಡುವ ಮುಂಚೆ ಮತ್ತು ಓಡಿದ ಕೂಡಲೇ ಸೂಜಿ ಹಾಕಿ ಒಳಗಿನ ಒತ್ತಡ ಅಳೆದರೇ ಖಾತ್ರಿ ಎಂದರು ಡಾಕ್ಟರಮ್ಮ.

ಮುಂದಿನ ವಾರ ದೊಡ್ಡ ಆಸ್ಪತ್ರೆಯಲ್ಲಿ ಆ ಪರೀಕ್ಷೆಯೂ ಆಯಿತು. ಅನುಮಾನ ನಿಜವಾಗಿತ್ತು. ಸದ್ಯಕ್ಕೆ ಓಟ ಕಮ್ಮಿ ಮಾಡಿ, ಹೆಜ್ಜೆ ಇಡುವ ರೀತಿ ಬದಲಿಸಿ ನೋಡೋಣ, ಆಗದಿದ್ದರೆ ಪೊರೆ ಬಿಡಿಸುವ ಆಪರೇಷನ್ ಇದೆ, ಈ ವರ್ಷದ ಸೆಲೆಕ್ಷನ್ ಮಾತ್ರ ಮರೆತುಬಿಡಿ ಎಂದರು ಡಾಕ್ಟರಮ್ಮ. ಆಪರೇಷನ್ ಎಂದದ್ದೇ ತಡ, ಯಾಕೆ, ಎಷ್ಟು ಕೊಯ್ಯುತ್ತೀರಿ ಎಂದು ಕೇಳತೊಡಗಿದೆ. ತಿರುಗಿ ನೋಡಿದರೆ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಕೂತ ಮಗಳು ನಗುತ್ತಿದ್ದಾಳೆ, ಕಣ್ಣಲ್ಲಿ ನೀರು ಬೇರೆ.

"ಸೆಲೆಕ್ಷನ್ ಹೋಯ್ತಲ್ಲೇ," ಎಂದೆ.

"ಹೋಗ್ಲಿ ಬಿಡಮ್ಮ," ಎಂದಳು. "ನಾನೇ ನಾಟಕ ಆಡ್ತಿದೀನೇನೋ ಅಂತ ನಂಗೇ ಅನ್ಸೋಕೆ ಶುರುವಾಗಿತ್ತು."