ಹಸಿ ಉಳಿದ ಮೂಲೆ

ವಿಚಿತ್ರ ಕಂಡೆವು ಎನ್ನುವವರ ಮಾತು ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ನನ್ನ ಕೆಲಸವೂ ಅಂಥದ್ದೇ. ಸೂರ್ಯನ ಮೈಮೇಲಿನ ಕಪ್ಪು ಕಲೆಗಳಲ್ಲಿ ಕಾಂತಕ್ಷೇತ್ರ ಬಹಳ ಬಲವಾಗಿರುತ್ತದೆ. ಅದರೊಳಗೆ ಅಲೆಗಳು ಹೇಗೆ ಸಾಗುತ್ತವೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಚಿತ್ರವಾಗಿಸಿ ನೋಡುವವಳು ನಾನು. ಕಂಪ್ಯೂಟರಿನಲ್ಲಿ ಬಿತ್ತಿದ್ದೇ ಬೆಳೆ. ದೆವ್ವಕ್ಕೆ ಅಲ್ಲಿ ಜಾಗವಿಲ್ಲ.

ನನ್ನ ಅಪ್ಪ ಅಂಧೇರಿಯ ಹೋಟೆಲೊಂದರಲ್ಲಿ ನಲವತ್ತು ವರ್ಷ ದೋಸೆ ಹೊಯ್ದವರು. ನಾಲ್ಕು ವರ್ಷಗಳ ಹಿಂದೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಅವರಿಗೆ ಏನೂ ತಿಳಿಯುವುದಿಲ್ಲ ಎಂದರು ಡಾಕ್ಟರು. ಘಾಟ್ಕೋಪರಿನ ನಮ್ಮ ಮನೆಯಲ್ಲಿ ಫ್ಯಾನಿನ ಗಾಳಿ ಚೆನ್ನಾಗಿ ಬೀಸುವುದು ನನ್ನ ಮೇಜಿನ ಹತ್ತಿರ ಮಾತ್ರ. ಅವರ ಕುರ್ಚಿಯನ್ನು ಅಲ್ಲೇ ಹಾಕಿದ್ದೆ. ಅವರನ್ನೂ ಕೆಲಸವನ್ನೂ ಸಂಭಾಳಿಸುತ್ತ ಎರಡು ತಿಂಗಳಲ್ಲಿ ಹೈರಾಣಾದೆ.

ಒಂದು ಗುರುವಾರ ಮಲಾಡಿನಿಂದ ಅಣ್ಣ ಬಂದ. ಅಪ್ಪನ ಎದುರಿಗೇ, "ಅವರಿಗೆ ಈಗ ಮನೆಯೂ ಒಂದೇ, ವೃದ್ಧಾಶ್ರಮವೂ ಒಂದೇ. ನೀನು ಎಷ್ಟು ದಿವಸ ಅಂತ ಹೀಗೆ ಸಾಯೂದು? ಸೋಮವಾರ ಬಿಟ್ಟು ಬರುವ," ಎಂದ. ನಾನು ಹೂಂ ಎಂದೆ.

ಅಣ್ಣ ಹೋದ ಮೇಲೆ, ಬೆಳಿಗ್ಗೆ ಶುರು ಮಾಡಿದ್ದ, ಮೂರ್ನಾಲ್ಕು ದಿನ ಓಡಬೇಕಾದ ಹೊಸ ಲೆಕ್ಕದ ಚಿತ್ರ ತೆರೆದೆ. ದುಂಡಗಿನ ಕಲೆ, ಅದರ ನಡುವಿನಿಂದ ಆಗಷ್ಟೇ ಹೊರಟ ಅಲೆಯ ಸಣ್ಣ ಉಂಗುರ. ಅಪ್ಪನ ಎಡಗೈ ಮೆಲ್ಲಗೆ ಮೇಲೆದ್ದಿತು. ಬೆರಳು ಪರದೆಯ ಕೆಳಗಿನ ಎಡಮೂಲೆಯನ್ನು ಮುಟ್ಟಿತು.

"ಅಲ್ಲಿ ಹಸಿ ಉಂಟು, ಮಗಾ."

ಧ್ವನಿ ಒಡೆದಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು. ಕಾವಲಿಯ ಮುಂದೆ ನಿಂತಾಗ, ಕಾವು ಸಾಲದೆ ದೋಸೆ ಬೇಯದ ಕಡೆ ಬೆರಳು ತೋರಿಸಿ ಹೊಸಬರಿಗೆ ಅವರು ಹೇಳುತ್ತಿದ್ದ ಮಾತು ಅದು. ನಾನು ಎಷ್ಟು ಕರೆದರೂ ಮತ್ತೆ ತುಟಿ ಬಿಚ್ಚಲಿಲ್ಲ. ದುಂಡಗಿನದನ್ನು ಕಂಡು ದೋಸೆ ನೆನಪಾಗಿರಬೇಕು ಎಂದುಕೊಂಡು, ಅತ್ತು ಸುಮ್ಮನಾದೆ.

ಶನಿವಾರ ಲೆಕ್ಕ ಕೆಟ್ಟು ನಿಂತಿತು. ಕೆಟ್ಟದ್ದು ಅದೇ ಮೂಲೆಯಿಂದ. ಹುಡುಕಿದಾಗ ತಪ್ಪು ನನ್ನದೇ ಎಂದು ತಿಳಿಯಿತು: ಲೆಕ್ಕಕ್ಕೆಂದು ಕಲೆಯನ್ನು ಹಂಚಿದ ಸಣ್ಣ ಚೌಕಗಳಲ್ಲಿ, ಆ ಮೂಲೆಯ ಒಂದಕ್ಕೆ ಉಷ್ಣತೆಯನ್ನು ಬೇಕಾದ್ದಕ್ಕಿಂತ ತೀರಾ ಕಡಿಮೆ ಕೊಟ್ಟಿದ್ದೆ.

ಕಾಕತಾಳೀಯ ಎನ್ನುತ್ತೀರಿ. ನಾನೂ ಹಾಗೆಂದುಕೊಂಡೇ ಗುರುವಾರದ ಚಿತ್ರವನ್ನು ಮತ್ತೆ ತೆಗೆದು ಒಂದೊಂದೇ ಅಂಕಿ ನೋಡಿದೆ. ಪರದೆಯ ಮೇಲಿದ್ದದ್ದು ಅಲೆಯ ಚಿತ್ರ, ಉಷ್ಣತೆಯದ್ದಲ್ಲ. ಅಲೆ ಇನ್ನೂ ಆ ಮೂಲೆಯನ್ನು ಮುಟ್ಟಿರಲಿಲ್ಲ. ಅಪ್ಪ ಬೆರಳಿಟ್ಟ ಜಾಗದಲ್ಲಿ ಕಾಣುವಂಥದ್ದು ಏನೇನೂ ಇರಲಿಲ್ಲ.

ಸೋಮವಾರ ನಾವು ಎಲ್ಲಿಗೂ ಹೋಗಲಿಲ್ಲ. ಮುಂದಿನ ಒಂದೂವರೆ ವರ್ಷ, ಕೊನೆಯವರೆಗೂ ಅಪ್ಪ ಅದೇ ಫ್ಯಾನಿನ ಕೆಳಗಿದ್ದರು. ಪ್ರತಿ ಹೊಸ ಲೆಕ್ಕವನ್ನೂ ಮೊದಲು ಅವರಿಗೆ ತೋರಿಸುತ್ತಿದ್ದೆ. ಕೈ ಮತ್ತೆ ಏಳಲಿಲ್ಲ.

ಆ ಮೂಲೆ ಅವರಿಗೆ ಹೇಗೆ ಕಂಡಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ನಿದ್ದೆ ಕೆಡಿಸುವುದು ಅದಲ್ಲ. ಏನೂ ತಿಳಿಯದವರೆಂದು ಎರಡು ತಿಂಗಳು ಅವರ ಎದುರಿಗೇ ನಾವು ಏನೆಲ್ಲ ಆಡಿಬಿಟ್ಟೆವು ಎಂಬುದು.