ಮೊಹರು ಒತ್ತಿದ ಜೇನು

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಬ್ರಿಟಿಷರನ್ನು ನೋಡಿ ನಮ್ಮ ಮೈಸೂರು ಸರ್ಕಾರವೂ ಜಗಳೂರಿನ ಕಾಡಿಗೆ ಗಡಿಕಲ್ಲು ನೆಟ್ಟು, ಯಾರೂ ಒಳಗೆ ಕಾಲಿಡದಂತೆ ಗಾರ್ಡನನ್ನು ನಿಲ್ಲಿಸಿತ್ತು. ಬೇಟೆಯಿಂದಲೇ ಬದುಕಿದ್ದ ನಮ್ಮ ಬೇಡರ ಹಟ್ಟಿಗೆ ಅಂದಿನಿಂದ ಜೇನೂ ಇಲ್ಲ, ಮೊಲವೂ ಇಲ್ಲ. ಬರೀ ಅಂಬಲಿ ಕುಡಿದು ಬೆಳೆದ ನಾನು ಕಡ್ಡಿಯ ಹಾಗಿದ್ದೆ. ಅಜ್ಜಿ ನನ್ನನ್ನು ಸರ್ಕಾರಿ ಆಸ್ಪತ್ರೆಗೆ ಎಳೆದೊಯ್ದಳು.

ಡಾಕ್ಟರು ನನ್ನ ಕಣ್ಣುರೆಪ್ಪೆ ಎಳೆದು ನೋಡಿ, ಒಂದು ಸೀಸೆ ಟಾನಿಕ್ ಕೊಟ್ಟು, "ಹುಡುಗಿಗೆ ಜೇನುತುಪ್ಪ, ಮಾಂಸ ತಿನ್ನಿಸಿ" ಎಂದರು. ಕಾಡಿನ ಸರ್ಕಾರಕ್ಕೂ ಆಸ್ಪತ್ರೆಯ ಸರ್ಕಾರಕ್ಕೂ ಮಾತುಕತೆ ಇರಲಿಲ್ಲವೆಂದು ಕಾಣುತ್ತದೆ.

"ಅದನ್ನ ಬರ್ದು ಮೊಹರು ಒತ್ತಿ ಕೊಡ್ರಿ" ಎಂದಳು ಅಜ್ಜಿ.

ಮರುದಿನ ಆ ಚೀಟಿಯನ್ನು ಫಾರೆಸ್ಟ್ ಗಾರ್ಡನ ಮೂಗಿನ ಮುಂದೆ ಹಿಡಿದಳು. ಇಂಗ್ಲಿಷ್ ಓದಲು ಬಾರದ ಅವನು ಮೊಹರು ನೋಡಿಯೇ ದಾರಿ ಬಿಟ್ಟ. "ದಿನಾ ಮೂರು ಹೊತ್ತು ಅಂತ ಬರ್ದೈತೆ ನೋಡಪ್ಪಾ" ಎಂದು ಅಜ್ಜಿಯೇ ಓದಿ ಹೇಳಿದಳು. ಅವಳಿಗೆ ಕನ್ನಡದ ಅಕ್ಷರವೂ ಬರುತ್ತಿರಲಿಲ್ಲ.

ಮೂರು ತಿಂಗಳಲ್ಲಿ ನಾನು ಗುಂಡಗಾದೆ. ಡಾಕ್ಟರು ಬೀಗಿದರು. "ನೋಡಿದೆಯಾ ಅಜ್ಜಿ, ನನ್ನ ಟಾನಿಕ್ ಹೇಗೆ ಕೆಲಸ ಮಾಡಿತು!"

ಅಜ್ಜಿ ಭಕ್ತಿಯಿಂದ ಕೈಮುಗಿದಳು. "ಸೀಸೆ ಭಾಳ ಚೆನ್ನಾಗೈತ್ರಿ ಸ್ವಾಮಿ. ಜೇನು ಹಾಕಿಡಾಕೆ ಇನ್ನೊಂದು ಕೊಡ್ರಿ."