ತಾಂಬೂಲದ ಮೇಲೆ ಒಪ್ಪಿಸಿದ ಆ್ಯಪ್

ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಹಾಲು ಒಲೆಗಿಟ್ಟಿದ್ದೆ. ಅತ್ತೆಯವರು ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದರು. ನಮ್ಮ ಶಿಡ್ಲಘಟ್ಟದಲ್ಲಿ ಆ ಹೊತ್ತಿಗೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ಆಟೋಗಳ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ. ಹಾಲು ಅಂಚಿಗೆ ಬರುತ್ತಿದ್ದ ಹಾಗೆ ಮುಂದಿನ ಕೋಣೆಯಿಂದ ನನ್ನದೇ ದನಿ ಕೇಳಿಸಿತು: "ಹುಳ ಮೂರನೇ ಜ್ವರಕ್ಕೆ ಕೂತಿದೆ. ಈಗ ಸೊಪ್ಪು ಹಾಕಬೇಡಿ."

ಅದರಲ್ಲಿ ಆಶ್ಚರ್ಯವೇನಿಲ್ಲ. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಸುಮ್ಮನೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಹುಳ ಸಾಕುವವರಿಗೆ ಯಾವಾಗ ಏನು ಮಾಡಬೇಕೆಂದು ಹೀಗೆ ದನಿಯಲ್ಲಿ ಹೇಳುವ ಆ್ಯಪ್ ನಮ್ಮ ಯಜಮಾನರದು. ಸಾದಲಿ, ದಿಬ್ಬೂರಹಳ್ಳಿ ಕಡೆಯ ಹುಳದ ಮನೆಗಳಲ್ಲಿ ಕೂತು, ಅಲ್ಲಿಯವರು ಹೇಳಿದ್ದನ್ನೆಲ್ಲ ಕೂಡಿಸಿ ಕಟ್ಟಿದ್ದು. ಅದನ್ನೆಲ್ಲ ದನಿ ಕೊಟ್ಟು ಓದಿದವಳು ನಾನು. ಹೊರಗಿನ ಸದ್ದು ಬಾರದಂತೆ ಸ್ಟೋರ್ ರೂಮಿನ ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಗೌರಿಬಿದನೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹಾಗೆ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ ಓದಿದ್ದೆ.

ಆದರೆ ಯಜಮಾನರ ಮುಖ ಸರಿಯಿರಲಿಲ್ಲ. "ಇದು ನಮ್ದಲ್ಲ ಕಣೇ," ಎಂದು ಫೋನ್ ನನ್ನ ಕಡೆ ತಿರುಗಿಸಿದರು. ಬೇರೆ ಹೆಸರು. ನಮ್ಮ ಹಸಿರಿನ ಜಾಗದಲ್ಲಿ ನೀಲಿ. ಒಳಗೆಲ್ಲ ನಮ್ಮದೇ. "ಸೊಪ್ಪು" ಎನ್ನುವಾಗ ನನ್ನ ಬಳೆಗಳು ತಗುಲಿದ ಸಣ್ಣ ಸದ್ದೂ ಹಾಗೇ ಇತ್ತು.

ಅದನ್ನು ಯಜಮಾನರ ಫೋನಿಗೆ ಕಳಿಸಿದ್ದವರು ಚಿಂತಾಮಣಿಯಲ್ಲಿ ಮರಿಹುಳ ಬೆಳೆಸಿ ರೈತರಿಗೆ ಕೊಡುವ ಕೇಂದ್ರದವರು. ತಮ್ಮ ರೈತರಿಗೆಲ್ಲ ನಮ್ಮ ಆ್ಯಪ್ ಹಾಕಿಸುವುದಾಗಿ ಹೇಳಿದ್ದರು. ಅದನ್ನು ನಂಬಿಯೇ ಯಜಮಾನರು ಇದ್ದ ಕೆಲಸ ಬಿಟ್ಟಿದ್ದರು. "ಇದನ್ನ ಕಮ್ಮಿಗೆ ಕೊಡ್ತೀವಿ ಅಂತ ಯಾರೋ ಬಂದಿದಾರೆ. ಇದು ನಿಮ್ದೋ, ಅವರ್ದೋ? ಸಂಜೆಯೊಳಗೆ ಹೇಳಿ ಸಾರ್" ಎಂದು ಈಗ ಅವರು ಕೇಳಿದ್ದರು.

ಹಗ್ಗದ ಮೇಲೆ ಒಣಹಾಕಿದ್ದ ನನ್ನ ಸೀರೆಯನ್ನು ಯಾರೋ ಉಟ್ಟುಕೊಂಡು ನನ್ನೆದುರಿಗೇ ಬಂದು ನಿಂತ ಹಾಗಾಯಿತು. ಹಾಲು ಉಕ್ಕಿಹೋಯಿತು.

ಸಾಫ್ಟ್‌ವೇರ್ ಬರೆದುಕೊಟ್ಟವನು ಯಜಮಾನರ ತಂಗಿಯ ಮೈದುನ. ಚಿಕ್ಕಬಳ್ಳಾಪುರದಲ್ಲಿ ಆಫೀಸು ಇಟ್ಟುಕೊಂಡು ಬೇರೆಯವರಿಗೆ ಇಂಥ ಕೆಲಸ ಮಾಡಿಕೊಡುತ್ತಾನೆ. ಕೆಲಸವನ್ನು ಅವನಿಗೆ ಒಪ್ಪಿಸಿದ ದಿನ ಯಜಮಾನರು ಅಗ್ರಿಮೆಂಟ್ ತಯಾರು ಮಾಡಿಸಿ ಇಟ್ಟಿದ್ದರು: ಬರೆದ ಕೋಡ್ ನಮಗೆ ಸೇರಬೇಕು, ಇನ್ನೊಬ್ಬರಿಗೆ ಕೊಡಕೂಡದು ಎಂದು. ಅತ್ತೆ ನೋಡಿದ್ದೇ ಸಿಡುಕಿದರು.

"ಹೆಣ್ಣು ಕೊಟ್ಟ ಮನೆಯೋನ ಹತ್ರ ಸೈನ್ ಹಾಕಿಸ್ಕೊಳ್ತೀಯೇನೋ? ನಾಳೆ ನಮ್ಮ ಹುಡುಗಿ ಆ ಮನೇಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ? ತಾಂಬೂಲ ಕೊಡು, ಸಾಕು."

ಕಾಗದ ಬೀರುವಿಗೆ ಹೋಯಿತು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ತಟ್ಟೆಯಲ್ಲಿ ಬಂತು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

ತಿಂಡಿ ಮುಗಿಸಿ ಇಬ್ಬರೂ ಅವನ ಆಫೀಸಿಗೆ ಹೋದೆವು. ಅವನು ಉಗುರು ಕತ್ತರಿಸುತ್ತಾ ಕೂತಿದ್ದ. ತುಣುಕುಗಳು ಕೀಬೋರ್ಡಿನ ಪಕ್ಕದಲ್ಲೇ ಬಿದ್ದಿದ್ದವು.

"ಬನ್ನಿ ಭಾವ, ಬನ್ನಿ ಅಕ್ಕ. ಏನ್ ಹೇಳ್ದೆ ಕೇಳ್ದೆ ಬಂದ್ಬಿಟ್ರಿ?"

ಯಜಮಾನರು ಫೋನನ್ನು ಮುಂದಿಟ್ಟರು. ಅವನು ನಾಚಲೂ ಇಲ್ಲ.

"ಓ, ಇದಾ? ಆಂಧ್ರದ ಪಾರ್ಟಿ ಒಬ್ರು ಕೇಳಿದ್ರು, ಮಾಡ್ಕೊಟ್ಟೆ. ಕೋಡ್ ಬರೆದಿದ್ದು ನಾನೇ ಅಲ್ವಾ ಭಾವ?"

"ನಮಗೋಸ್ಕರ ಬರೆದಿದ್ದಲ್ವೇನಪ್ಪಾ?"

"ಹಂಗಂತ ಎಲ್ಲಿ ಬರ್ಕೊಂಡಿದೀವಿ, ಹೇಳಿ. ಯಾವ ಲಾಯರನ್ನಾದ್ರೂ ಕೇಳಿ, ಬರ್ಕೊಡ್ದಿದ್ರೆ ಮಾಡಿದೋನ್ದೇ ಅಂತಾರೆ."

ನನಗೆ ಸುಮ್ಮನಿರಲಾಗಲಿಲ್ಲ. "ಕೋಡ್ ನಿಂದೇ ಇರ್ಲಪ್ಪ. ಹುಳದ ಮನೆಗಳೆಲ್ಲ ಸುತ್ತಿದ್ದು ಇವರು. ದನಿ ನಂದು. ಅದನ್ನ ಯಾರನ್ನ ಕೇಳಿ ಕೊಟ್ಟೆ?"

"ಅಯ್ಯೋ, ಅದಕ್ಕ್ಯಾಕಕ್ಕ ಬೇಜಾರು? ನಾಳೇನೇ ತೆಗ್ದು ಎಐ ದನಿ ಹಾಕ್ಬಿಡ್ತೀನಿ. ಅದು ಇನ್ನೂ ಸ್ವೀಟಾಗಿರುತ್ತೆ. ಬಳೆ ಸದ್ದೂ ಇರಲ್ಲ."

ಅಂದರೆ ಬಳೆಯ ಸದ್ದು ಅವನಿಗೂ ಕೇಳಿಸಿತ್ತು. ಕೇಳಿಸಿಯೂ ಮಾರಿದ್ದ. ನಮ್ಮ ಶಾಲೆಯಲ್ಲಿ ಪಕ್ಕದವಳ ರಬ್ಬರ್ ಮುಟ್ಟಬೇಕಾದರೂ ಕೇಳಬೇಕಿತ್ತು.

ಕಾಫಿ ಬಂತು. ನಾನು ಮುಟ್ಟಲಿಲ್ಲ. ತಂಗಿಯ ಗಂಡನ ಮನೆಯವನು ಕೊಟ್ಟದ್ದನ್ನು ಬಿಡಲಾರದೆ ಯಜಮಾನರು ಕುಡಿದರು, ತಳದ ಸಕ್ಕರೆಯವರೆಗೂ ಕುಡಿದರು. ಅವನ ನಗುವಿಗಿಂತ ಅದು ನನಗೆ ಹೆಚ್ಚು ಅಸಹ್ಯವೆನಿಸಿತು.

ದಾರಿಯಲ್ಲಿ, "ನೋಟಿಸ್ ಕೊಡ್ಸೋಣ್ರೀ" ಎಂದೆ.

"ತಂಗಿ ಆ ಮನೇಲಿದಾಳೆ ಕಣೇ," ಎಂದರು.

ಸಂಜೆ ಚಿಂತಾಮಣಿಗೆ ಫೋನ್ ಮಾಡಿದರು. ನೆಂಟನನ್ನು ಕಳ್ಳನೆನ್ನಲು ಬಾಯಿ ಬರಲಿಲ್ಲ. "ಎರಡೂ ಒಂದೇ ಅಂದ್ಕೊಳ್ಳಿ ಸಾರ್" ಎಂದುಬಿಟ್ಟರು. "ಹಂಗಾದ್ರೆ ಕಮ್ಮಿಗೆ ಕೊಡೋರ್ದೇ ತಗೋತೀವಿ ಬಿಡಿ" ಎಂದದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

ಎದ್ದು ಹಿತ್ತಲಿಗೆ ಬಂದೆ. ಕಾಂಪೌಂಡಿನಾಚೆ ಪಕ್ಕದ ಮನೆಯಾಕೆ ಕರಿಬೇವು ಕೀಳುತ್ತಿದ್ದರು. ಅತ್ತೆ ಮಧ್ಯಾಹ್ನವೇ ಅವರಿಗೆ ಎಲ್ಲ ಹೇಳಿ ಮುಗಿಸಿದ್ದರು. ಕಡ್ಡಿಯಿಂದ ಎಲೆ ಬಿಡಿಸುತ್ತಾ, ನನ್ನ ಕಡೆ ತಿರುಗಿಯೂ ನೋಡದೆ ಅಂದರು:

"ಹೋಗ್ಲಿ ಬಿಡಮ್ಮ. ತಿಂದೋನು ಹೊರಗಿನೋನೇನಲ್ವಲ್ಲ."